ಲೋಕದ ರಾಜಕಾರಣವು ನಮ್ಮ ಕಾಡಿಗೆ ಬಂದ ಬಗೆ

ಕಳೆದ ಮಳೆಗಾಲದ ಒಂದು ಸಾಯಂಕಾಲ ಕಡಬದ ಪೇಟೆಯಲ್ಲಿ ಪುತ್ತೂರಿನ ಬಸ್ಸಿಗಾಗಿ ಕಾದುಕೊಂಡಿದ್ದೆವು. ಮಳೆಯು ಹಿಡಿದುಕೊಂಡು ಹೊಯ್ಯಲಾರಂಭಿಸಲು, ಪಕ್ಕದ ಒಂದು ಚಹದಂಗಡಿಯನ್ನು ಹೊಕ್ಕೆವು. ಒಳಗೆ ಲೋಕದ ವ್ಯವಹಾರವೆಲ್ಲವೂ ನಾಲ್ಕಾರು ಮಂದಿಯ ನಾಲಗೆಯ ಮೇಲೆ ನಡೆದಿತ್ತು. 2022ರಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದುದು ನ್ಯಾಯವೇ ಅನ್ಯಾಯವೇ, ಗಾಜಾದ ಮಕ್ಕಳ ಮರಣಕ್ಕೆ ಹೊಣೆ ಯಾರು, ಅಮೇರಿಕವು ಯಾರ ಪಕ್ಷ, ಚೀನವು ಯಾವಾಗ ಏನು ಮಾಡೀತು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಅಲ್ಲಿ ಒಂದು ಗ್ಲಾಸು ಚಹ ಆರುವುದರೊಳಗಾಗಿ ತೀರ್ಪು ದೊರೆಯುತ್ತಿತ್ತು. ರಬ್ಬರು ಬೆಳೆಗಾರರೊಬ್ಬರು ಮಾತ್ರ, “ಅಲ್ಲಿ ಎಣ್ಣೆಗೆ ಬೆಂಕಿ ಬಿದ್ದರೆ ಇಲ್ಲಿ ನಮ್ಮ ಶೀಟಿಗೆ ಕ್ರಯ ಬರುತ್ತದೋ ಇಲ್ಲವೋ, ಅಷ್ಟು ಹೇಳಿ ಮಾಷ್ಟ್ರೇ” ಎಂದು ಪಕ್ಕದಲ್ಲಿದ್ದ ನಿವೃತ್ತ ಉಪಾಧ್ಯಾಯರನ್ನು ಕೇಳುತ್ತಿದ್ದರು.

ಮೂಲೆಯ ಬೆಂಚಿನಲ್ಲಿ ವಯಸ್ಸಾದ ಒಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ಕುಳಿತಿದ್ದರು. ಮಾತೆಲ್ಲ ಒಮ್ಮೆ ನಿಂತಾಗ ಅವರು ತಮಿಳಿನ ರಾಗ ಸೇರಿದ ಕನ್ನಡದಲ್ಲಿ, “ದೊಡ್ಡವರು ಇಬ್ಬರು ಕೂತು ರುಜು ಹಾಕಿದರೆ ಸಾಕು ಮಾಷ್ಟ್ರೇ, ನಾವು ಯಾವ ಊರಿನವರು ಅಂತ ಅವರೇ ಹೇಳಿಬಿಡುತ್ತಾರೆ” ಎಂದರು. ಯಾರೂ ಉತ್ತರ ಕೊಡಲಿಲ್ಲ. ನಾವು ಹತ್ತಿರ ಹೋಗಿ ವಿಚಾರಿಸಲು, ಅವರು ರಬ್ಬರು ನೆಡುತೋಪಿನಲ್ಲಿ ದುಡಿದು ನಿವೃತ್ತರಾದವರೆಂದೂ, ಮೊಮ್ಮಗಳ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯೊಂದಕ್ಕೆ ನಾಲ್ಕನೆಯ ಸಲ ಹೋಗಿ ಬಂದವರೆಂದೂ ತಿಳಿಯಿತು. “ಶಾಸ್ತ್ರಿಯವರೂ ಸಿರಿಮಾವೋ ಅಮ್ಮನೂ ರುಜು ಹಾಕಿದ ಕಾಗದ ಎಲ್ಲಿಯಾದರೂ ಸಿಕ್ಕುತ್ತದಾ? ಅದರದ್ದೊಂದು ಪ್ರತಿಯನ್ನೂ ಅರ್ಜಿಗೆ ಸೇರಿಸಿ ನೋಡುತ್ತೇನೆ” ಎಂದರು. ಹುಡುಕಿ ಕಳುಹಿಸುವೆವೆಂದು ಮಾತು ಕೊಟ್ಟೆವು. ಆ ಕಾಗದವನ್ನು ಹುಡುಕಲು ಹೊರಟುದರ ಫಲವೇ ಈ ಲೇಖನ.

ಸುಳ್ಯ, ಪುತ್ತೂರು, ಕಡಬಗಳ ಕಾಡಿನ ನಡುವಣ ರಬ್ಬರು ತೋಪುಗಳಲ್ಲಿ ಸಾಲು ಮನೆಗಳ ಕಾಲೊನಿಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿನವರನ್ನು ನಮ್ಮ ಜನರು ‘ಸಿಲೋನಿನವರು’ ಎನ್ನುವುದುಂಟು. ‘ನಿರಾಶ್ರಿತರು’ ಎನ್ನುವುದೂ ಉಂಟು. ಎರಡನೆಯ ಮಾತು ತಪ್ಪು. ಬರಿಯ ತಪ್ಪಲ್ಲ, ಅನ್ಯಾಯವೂ ಹೌದು. 1983ರ ಬಳಿಕ ಅಂತರ್ಯುದ್ಧದ ಉರಿಗೆ ಹೆದರಿ ದೋಣಿ ಹತ್ತಿ ತಮಿಳುನಾಡಿನ ಶಿಬಿರಗಳನ್ನು ಸೇರಿದವರು ನಿರಾಶ್ರಿತರು. ನಮ್ಮ ಕಾಡಿನವರಾದರೋ ಅದಕ್ಕೂ ಮೊದಲೇ, ಎರಡು ಸರಕಾರಗಳ ಒಡಂಬಡಿಕೆಯ ಪ್ರಕಾರ, ಭಾರತದ ಪೌರತ್ವವನ್ನು ಪಡೆದು ಬಂದವರು. ಅವರು ಆಶ್ರಯ ಬೇಡಿ ಬಂದವರಲ್ಲ, ಕರೆಸಿಕೊಂಡು ಬಂದವರು.

ಕಥೆಯು ಬಹಳ ಹಿಂದಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಸಿಂಹಳದ್ವೀಪದ ಬೆಟ್ಟಗಳಲ್ಲಿ ಕಾಫಿಯನ್ನೂ, 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಕಾಫಿಯು ನಾಶವಾದ ಮೇಲೆ ಚಹವನ್ನೂ ಬೆಳೆಸಿದರು. ಅದಕ್ಕೆ ಬೇಕಾದ ಆಳುಗಳನ್ನು ಮದ್ರಾಸು ಪ್ರಾಂತದ ಬರಪೀಡಿತ ತಮಿಳು ಜಿಲ್ಲೆಗಳಿಂದ, ಕಂಗಾಣಿಗಳೆಂಬ ಮೇಸ್ತ್ರಿಗಳ ಮೂಲಕ ಸಾಗಿಸಿದರು. ಹೀಗೆ ಹೋದವರ ಮಕ್ಕಳೂ ಮೊಮ್ಮಕ್ಕಳೂ ಆ ತೋಟಗಳ ‘ಲೈನು’ ಮನೆಗಳಲ್ಲಿಯೇ ಹುಟ್ಟಿ, ಅಲ್ಲಿಯೇ ಮಣ್ಣಾದರು. ಸಿಂಹಳದ ಬೊಕ್ಕಸವು ತುಂಬಿದ್ದು ಬಹುಮಟ್ಟಿಗೆ ಅವರ ಬೆವರಿನಿಂದಲೇ.

1948ರ ಫೆಬ್ರವರಿ 4ರಂದು ಸಿಂಹಳವು ಸ್ವತಂತ್ರವಾಯಿತು. ಅದೇ ವರ್ಷ ಅಲ್ಲಿನ ಶಾಸನಸಭೆಯು ಪೌರತ್ವದ ಕಾನೂನೊಂದನ್ನು ಮಾಡಿತು. ಆ ದೇಶದಲ್ಲಿ ಹುಟ್ಟಿದರಷ್ಟೆ ಸಾಲದು. ತಂದೆಯಾದರೂ, ಇಲ್ಲವೆ ಅಜ್ಜ ಮುತ್ತಜ್ಜರಿಬ್ಬರಾದರೂ ಅಲ್ಲಿಯೇ ಹುಟ್ಟಿದವರೆಂದು ತೋರಿಸಬೇಕೆಂದು ವಿಧಿಸಿತು. ತೋಟದ ಕೂಲಿಯ ಮುತ್ತಜ್ಜನ ಜನ್ಮಪತ್ರವನ್ನು ಯಾರು ಇಟ್ಟಿದ್ದಾರು! ಮರುವರ್ಷ ಅವರ ಮತಾಧಿಕಾರವೂ ಹೋಯಿತು. 1947ರ ಚುನಾವಣೆಯಲ್ಲಿ ಈ ತೋಟದವರು ತಮ್ಮದೇ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದ್ದುದೂ, ಎಡಪಂಥೀಯರ ಕಡೆಗೆ ವಾಲಿದ್ದುದೂ ಆಳುವವರಿಗೆ ಸೈರಿಸಲಿಲ್ಲವೆಂಬುದನ್ನು ಬಲ್ಲವರು ಹೇಳುತ್ತಾರೆ. ಜಾಫ್ನಾದ ತಮಿಳರ ಮುಂದಾಳುಗಳಲ್ಲಿ ಕೆಲವರು ಇದಕ್ಕೆ ಒಪ್ಪಿದರು. ಒಪ್ಪದ ಚೆಲ್ವನಾಯಕಮ್‌ರವರು 1949ರಲ್ಲಿ ಬೇರೆ ಪಕ್ಷವನ್ನು ಕಟ್ಟಿದರು. ಅನ್ಯರ ಕೈಯಿಂದ ಬಂದ ಪೆಟ್ಟಿಗಿಂತ ತಮ್ಮ ಭಾಷೆಯವರ ಮೌನವೇ ಹೆಚ್ಚು ನೋಯಿಸಿತೆಂದು ಆ ಮುದುಕರ ತಂದೆ ಹೇಳುತ್ತಿದ್ದರಂತೆ.

ಈಗ ಅವರು ಯಾರ ಜನ? ಸಿಂಹಳವು ‘ನಿಮ್ಮವರು’ ಎಂದಿತು. ‘ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಾಳಿದವರು ನಿಮ್ಮವರೇ’ ಎಂದು ಜವಾಹರಲಾಲ ನೆಹರೂರವರು ವಾದಿಸಿದರು. 1954ರಲ್ಲಿ ಅವರಿಗೂ ಕೊಟೆಲಾವಲರಿಗೂ ಒಂದು ಕರಾರು ಆಯಿತಾದರೂ ಗಂಟು ಬಿಚ್ಚಲಿಲ್ಲ. 1964ರ ಮೇ ತಿಂಗಳಲ್ಲಿ ನೆಹರೂರವರು ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್ 30ರಂದು ದೆಹಲಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಿಕೆಯವರೂ ಪತ್ರಗಳನ್ನು ವಿನಿಮಯ ಮಾಡಿಕೊಂಡರು. ಮುದುಕರು ಕೇಳಿದ ಕಾಗದವು ಇದೇ.

ಅದನ್ನು ಓದಿ ನೋಡಿದೆವು. ಅದೇನೂ ದೊಡ್ಡ ಗ್ರಂಥವಲ್ಲ, ಕೆಲವೇ ಕಲಮುಗಳು. ಯಾವ ದೇಶದ ಪೌರರೂ ಅಲ್ಲದವರು ಸುಮಾರು 9,75,000 ಮಂದಿ. ಇವರಲ್ಲಿ 5,25,000 ಮಂದಿಯನ್ನು, ಅವರ ಸಂತಾನದೊಂದಿಗೆ, ಭಾರತವು ಕರೆಸಿಕೊಳ್ಳತಕ್ಕದ್ದು. 3,00,000 ಮಂದಿಗೆ, ಅವರ ಸಂತಾನದೊಂದಿಗೆ, ಸಿಂಹಳವು ಪೌರತ್ವವನ್ನು ಕೊಡತಕ್ಕದ್ದು. ಉಳಿದ 1,50,000 ಮಂದಿಯ ಮಾತನ್ನು ಮುಂದೆ ನೋಡಿಕೊಳ್ಳತಕ್ಕದ್ದು. ಕೆಲಸವು ಹದಿನೈದು ವರ್ಷಗಳಲ್ಲಿ ಮುಗಿಯಬೇಕು. ಒಂದು ಕುಟುಂಬವು ಕೊಂಡೊಯ್ಯಬಹುದಾದ ಹಣದ ಮಿತಿಯನ್ನು 4,000 ರೂಪಾಯಿಗಿಂತ ಕೆಳಗಿಳಿಸಕೂಡದು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರೂ ಸಿರಿಮಾವೋರವರೂ ಸರಿಪಾಲು ಮಾಡಿಕೊಂಡರು: ಅಲ್ಲಿ 75,000, ಇಲ್ಲಿ 75,000. ಅಣ್ಣತಮ್ಮಂದಿರು ಅಡಕೆ ತೋಟವನ್ನು ಪಾಲು ಮಾಡುವಾಗಲೂ ಮರಗಳನ್ನು ಹತ್ತಿರ ಹೋಗಿ ನೋಡುತ್ತಾರೆ. ಇಲ್ಲಿ ಅಷ್ಟೂ ಆಗಲಿಲ್ಲ. ತೋಟದ ಕೆಲಸಗಾರರ ಸಂಘದ ನಾಯಕರಾದ ತೊಂಡಮಾನರು ಇದನ್ನು ಒಪ್ಪಲಿಲ್ಲ. ಹಂಚಿಹೋಗುವವರನ್ನು ಕೇಳದೆ ಹಂಚಿದುದೇ ಮುಖ್ಯ ಆಕ್ಷೇಪವಾಗಿತ್ತು.

ಶಾಸ್ತ್ರಿಗಳು ಯಾತಕ್ಕೆ ಒಪ್ಪಿದರೆಂಬ ಚರ್ಚೆಯು ಇಂದಿಗೂ ಮುಗಿದಿಲ್ಲ. 1962ರಲ್ಲಿ ಚೀನದ ಕೈಯಲ್ಲಿ ಸೋತ ಬಳಿಕ ಭಾರತಕ್ಕೆ ನೆರೆಹೊರೆಯ ಸ್ನೇಹವು ಅತ್ಯಗತ್ಯವಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಭಾರತ ಚೀನಗಳ ನಡುವೆ ಸಂಧಾನಕ್ಕೆಂದು ಆರು ದೇಶಗಳ ಸಭೆಯನ್ನು ಕೊಲಂಬೋವಿನಲ್ಲಿ ಕರೆದವರು ಇದೇ ಸಿರಿಮಾವೋರವರು. ಹಳೆಯ ವ್ಯಾಜ್ಯವೊಂದನ್ನು ತೀರಿಸಿ ನೆರೆಯವರನ್ನು ಒಲಿಸಿಕೊಂಡರೆ ತಪ್ಪೇನು ಎಂಬುದು ಒಂದು ಪಕ್ಷ. ನಾಡಿನ ಮರ್ಯಾದೆಗೂ ನೆಮ್ಮದಿಗೂ ಕೆಲವರ ಬಾಳನ್ನು ಬೆಲೆಯಾಗಿ ತೆತ್ತರೆಂಬುದು ಇನ್ನೊಂದು ಪಕ್ಷ. ನಮಗೆ ತೋರುವುದೇನೆಂದರೆ, ಶಾಸ್ತ್ರಿಗಳ ಉದ್ದೇಶವು ಒಳ್ಳೆಯದೇ ಆಗಿದ್ದರೂ ಲೆಕ್ಕವು ತಪ್ಪಿತು. ಅರ್ಜಿ ಹಾಕುವ ಕಾಲ ಬಂದಾಗ ಸಿಂಹಳದ ಪೌರತ್ವವನ್ನು ಬೇಡಿದವರು ಅದರ ಪಾಲಿಗೆ ನಿಗದಿಯಾದ ಸಂಖ್ಯೆಗಿಂತ ಹೆಚ್ಚು. ಭಾರತದ್ದನ್ನು ಬೇಡಿದವರು ಕಡಿಮೆ. ಜನರ ಮನಸ್ಸು ಎಲ್ಲಿತ್ತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಆದರೂ ಲಕ್ಷಾಂತರ ಮಂದಿ ಬಂದರು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಉಳಿದುಕೊಂಡು, ಅಲ್ಲಿಂದ ಕಳುಹಿಸಿದ ಕಡೆಗೆ ಹೋದರು. ನಮ್ಮ ಮುದುಕರು ಬಂದಾಗ ಹನ್ನೆರಡು ವರ್ಷದ ಹುಡುಗ. ಹ್ಯಾಟನ್ ಪಟ್ಟಣದ ಸಮೀಪದ ತೋಟದಿಂದ ರೈಲು ಇಳಿಯುತ್ತ ಬರುವಾಗ ಅವರ ಅಜ್ಜಿ ಒಂದು ಹಿಡಿ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡಿದ್ದರಂತೆ. ಹೋಗುತ್ತಿರುವುದು ‘ಸ್ವದೇಶಕ್ಕೆ’ ಎಂದು ಕಾಗದದಲ್ಲಿ ಬರೆದಿತ್ತು. ಅಜ್ಜಿಯು ಆ ಸ್ವದೇಶವನ್ನು ಅದುವರೆಗೆ ಕಂಡೇ ಇರಲಿಲ್ಲ.

ಇಷ್ಟು ಮಂದಿಗೆ ಕೆಲಸವೆಲ್ಲಿ? ತೋಟದ ಕೆಲಸವನ್ನು ಬಲ್ಲವರಿಗೆ ತೋಟವನ್ನೇ ಹಾಕಿಕೊಡುವುದೆಂದು ಸರಕಾರಗಳು ನಿಶ್ಚಯಿಸಿದವು. ನೀಲಗಿರಿಯಲ್ಲಿ ಚಹ, ಕೇರಳದ ಪುನಲೂರಿನಲ್ಲಿ ರಬ್ಬರು. ನಮ್ಮ ದಕ್ಷಿಣ ಕನ್ನಡದಲ್ಲಿಯೂ ರಬ್ಬರು. ಅರಣ್ಯ ಇಲಾಖೆಯು ಆರಂಭಿಸಿದ ಇಲ್ಲಿನ ತೋಪುಗಳನ್ನು 1971ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮವು ಮುಂದಕ್ಕೆ ನಡೆಸಿತು. ಈ ಮರವೂ ಒಂದು ಬಗೆಯ ಪರದೇಶಿಯೇ ಎಂಬುದನ್ನು ಇಲ್ಲಿ ಹೇಳದಿರಲಾರೆವು. 1876ರಲ್ಲಿ ಬ್ರೆಜಿಲಿನ ಕಾಡಿನಿಂದ ಬೀಜವಾಗಿ ಲಂಡನ್ನಿನ ಕ್ಯೂ ತೋಟಕ್ಕೆ ಹೋಗಿ, ಸಸಿಯಾಗಿ ಸಿಂಹಳಕ್ಕೆ ಬಂದು, ಆ ಬಳಿಕ ಏಷ್ಯದಲ್ಲೆಲ್ಲ ಹರಡಿತು. 1942ರಲ್ಲಿ ಜಪಾನು ಮಲಯವನ್ನು ಹಿಡಿದಾಗ ಮಿತ್ರರಾಷ್ಟ್ರಗಳ ಚಕ್ರಗಳಿಗೆ ರಬ್ಬರಿಲ್ಲದೆ ಸಿಂಹಳದ ಮರಗಳನ್ನು ಹಿಂಡಿ ಹಿಪ್ಪೆಮಾಡಿದರು. 1952ರಲ್ಲಿ ಅಮೇರಿಕದ ಸಿಟ್ಟನ್ನೂ ಲಕ್ಷಿಸದೆ ಸಿಂಹಳವು ಚೀನಕ್ಕೆ ರಬ್ಬರು ಕೊಟ್ಟು ಅಕ್ಕಿಯನ್ನು ತಂದಿತು. ಒಂದು ಮರದ ಹಾಲಿನಲ್ಲಿ ಇಷ್ಟೊಂದು ರಾಜಕಾರಣ!

ರಬ್ಬರು ಹಾಲು ತಂಪಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಆದಕಾರಣ ಟ್ಯಾಪಿಂಗಿನವರು ನಸುಕಿಗೆ ಮೊದಲೇ, ತಲೆಗೆ ದೀಪ ಕಟ್ಟಿಕೊಂಡು ಗುಡ್ಡವನ್ನು ಹತ್ತಬೇಕು. ಎಡದ ಮೇಲಿನಿಂದ ಬಲದ ಕೆಳಕ್ಕೆ ಓರೆಯಾಗಿ ತೊಗಟೆಯ ತೆಳ್ಳನೆಯ ಎಳೆಯನ್ನು ತೆಗೆಯಬೇಕು. ಕತ್ತಿ ಸ್ವಲ್ಪ ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲುಮೇಲಾದರೆ ಹಾಲಿಲ್ಲ. ದಿನಕ್ಕೆ 300ರಷ್ಟು ಮರಗಳು. ಗೆರಟೆಯಲ್ಲಿ ಇಳಿದ ಹಾಲನ್ನು ಹೊತ್ತು ತಂದು ಒಪ್ಪಿಸಿದ ಮೇಲೆಯೇ ಬೆಳಗಿನ ಗಂಜಿ. ಚಹದ ಎಲೆ ಚಿವುಟಿದ ಕೈಗೆ ಈ ಕತ್ತಿಯು ಒಗ್ಗಲು ತನ್ನ ತಾಯಿಗೆ ಎರಡು ವರ್ಷ ಹಿಡಿಯಿತೆಂದು ಮುದುಕರು ಹೇಳಿದರು. ಮಳೆಯ ನಾಡು, ಜಿಗಣೆಯ ನಾಡು, ಭಾಷೆ ತಿಳಿಯದು. ಈಗಲಾದರೋ ಅವರ ಮಕ್ಕಳು ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬಂತೆ ಮೂರನ್ನೂ ತಡವರಿಸದೆ ಆಡುತ್ತಾರೆ. ನಮ್ಮಲ್ಲಿ ಹಲವರಿಗೆ ನೆರೆಯ ಕಾಲೊನಿಯ ಭಾಷೆಯ ಒಂದು ಮಾತೂ ಬಾರದೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅತ್ತ ಸಿಂಹಳದಲ್ಲಿ ಉಳಿದವರ ಪಾಡೇನಾಯಿತು? ಅಂತರ್ಯುದ್ಧದಿಂದಾಗಿ 1984ರಲ್ಲಿ ಹಡಗು ನಿಂತಿತು. ಬರಬೇಕಾಗಿದ್ದ ಅನೇಕರು ಅಲ್ಲಿಯೇ ಉಳಿದರು. ಕೊನೆಗೆ 2003ರಲ್ಲಿ ಶ್ರೀಲಂಕೆಯು ಮತ್ತೊಂದು ಕಾನೂನನ್ನು ಮಾಡಿ ಅವರನ್ನು ಪೌರರೆಂದು ಒಪ್ಪಿಕೊಂಡಿತು. ಮುದುಕರ ದೊಡ್ಡಮ್ಮನ ಮಕ್ಕಳು ಈಗ ಅಲ್ಲಿ ಶ್ರೀಲಂಕೆಯವರು, ಇವರು ಇಲ್ಲಿ ಭಾರತದವರು. ಮದುವೆ ಮರಣಗಳ ಸುದ್ದಿ ಮೊಬೈಲಿನಲ್ಲಿ ಬರುತ್ತದೆ.

ಇನ್ನು ಮೊಮ್ಮಗಳ ಪ್ರಮಾಣಪತ್ರದ ಮಾತು. ಪರಿಶಿಷ್ಟ ಜಾತಿಗಳ ಪಟ್ಟಿಯನ್ನು 1950ರ ರಾಷ್ಟ್ರಪತಿಗಳ ಆಜ್ಞೆಯು ರಾಜ್ಯ ರಾಜ್ಯಕ್ಕೆ ಬೇರೆ ಬೇರೆಯಾಗಿ ಮಾಡಿದೆ. ಒಂದು ರಾಜ್ಯದ ಪಟ್ಟಿಯಲ್ಲಿರುವವನು ಇನ್ನೊಂದು ರಾಜ್ಯಕ್ಕೆ ಹೋದಾಗ ಆ ಸವಲತ್ತನ್ನು ಹೊತ್ತುಕೊಂಡು ಹೋಗಲಾರನೆಂದು 1990ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ತೋಪುಗಳಿಗೆ ಬಂದವರಲ್ಲಿ ಬಹುಮಂದಿ ತಮಿಳುನಾಡಿನ ದಲಿತ ಜಾತಿಗಳವರು. 1950ರಲ್ಲಿ ಅವರು ತಮಿಳುನಾಡಿನಲ್ಲಿಯೂ ಇರಲಿಲ್ಲ, ಕನ್ನಡ ನಾಡಿನಲ್ಲಿಯೂ ಇರಲಿಲ್ಲ. ಸಮುದ್ರದಾಚೆ ಯಾವ ದೇಶದವರೂ ಅಲ್ಲದೆ ಇದ್ದರು. ಹಾಗಾದರೆ ಅವರು ಯಾವ ಪಟ್ಟಿಗೆ ಸೇರಿದವರು? ಜಾತಿಯ ಅವಮಾನವು ಮಾತ್ರ ಹಡಗಿನಲ್ಲಿ ಅವರೊಡನೆ ಯಾವ ರಹದಾರಿಯೂ ಇಲ್ಲದೆ ಬಂದಿತು. ಪ್ರಮಾಣಪತ್ರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದ್ದಾರೆ. ಮನುಷ್ಯರನ್ನು ಕರೆಸಿಕೊಂಡ ಒಡಂಬಡಿಕೆಯಲ್ಲಿ, ಅವರು ಬಂದ ಮೇಲೆ ಏನೆನಿಸಿಕೊಳ್ಳಬೇಕೆಂಬುದಕ್ಕೆ ಒಂದು ಕಲಮೂ ಇಲ್ಲ. ಚಹದಂಗಡಿಯಲ್ಲಿ ಗಾಜಾದ ಬಗೆಗೂ ಉಕ್ರೇನಿನ ಬಗೆಗೂ ಸಂಧಾನದ ಮಾತು ಬಂದಾಗಲೆಲ್ಲ ನಮಗೆ ಈಗ ಇದೇ ನೆನಪಾಗುತ್ತದೆ.

ಕಾಗದದ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದೆವು. ಎರಡು ತಿಂಗಳ ಬಳಿಕ ಮುದುಕರು ಮತ್ತೆ ಕಡಬದಲ್ಲಿ ಸಿಕ್ಕಿದರು. ಮೊಮ್ಮಗಳು ಅದನ್ನೆಲ್ಲ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಿದಳಂತೆ. ಅದರಲ್ಲಿ ಒಂದು ತೋಟದ ಹೆಸರಾದರೂ ಇದೆಯೇ ಎಂದು ಅವರು ಎರಡು ಸಲ ಕೇಳಿದರಂತೆ. ಕಚೇರಿಯಲ್ಲಿ ಅದು ಬೇಡವೆಂದು ಹಿಂದಕ್ಕೆ ಕೊಟ್ಟರು. ಈಗ ಅದು ಪ್ಲಾಸ್ಟಿಕ್ ಚೀಲದಲ್ಲಿ, ಹಳೆಯ ಕುಟುಂಬ ಕಾರ್ಡಿನ ಜತೆಗಿದೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.