ಪಾಠಕ್ಕೆ ಬದುಕಿನ ನಂಟು: ಇಂದಿಗೂ ಬೇಕಾದ ಜಾನ್ ಡ್ಯೂಯಿ

ಅಡಿಕೆ ಕೊಯ್ಲಿನ ಕಾಲದಲ್ಲಿ ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಮಕ್ಕಳ ಕಣ್ಣೆದುರೇ ದೊಡ್ಡ ಪಾಠವೊಂದು ನಡೆಯುತ್ತಿರುತ್ತದೆ. ಸುಲಿದ ಹಸಿ ಅಡಿಕೆ ಒಣಗಿದ ಮೇಲೆ ತೂಕ ಎಷ್ಟು ಇಳಿಯುತ್ತದೆ? ಚೊಗರಿನಲ್ಲಿ ಬೇಯಿಸಿದರೆ ಬಣ್ಣ ಏಕೆ ಬರುತ್ತದೆ? ಸುಲಿಯುವವರ ಕೂಲಿ ಕಳೆದು ಉಳಿಯುವುದೆಷ್ಟು? ಗಣಿತ, ವಿಜ್ಞಾನ, ಅರ್ಥಶಾಸ್ತ್ರ ಎಲ್ಲವೂ ಅಲ್ಲಿವೆ. ಅದೇ ಮಗು ಮರುದಿನ ತರಗತಿಯಲ್ಲಿ ಶೇಕಡಾವಾರು ಸೂತ್ರವನ್ನು ಉರು ಹೊಡೆಯುತ್ತದೆ. ಮನೆಯ ಅನುಭವ ಶಾಲೆಯೊಳಗೆ ಬರುವುದಿಲ್ಲ, ಶಾಲೆಯ ಪಾಠ ಮನೆಗೆ ಹೋಗುವುದಿಲ್ಲ.

ಈ ಕಂದಕದ ಬಗ್ಗೆ ಶತಮಾನಕ್ಕೂ ಹಿಂದೆಯೇ ಎಚ್ಚರಿಸಿದವರು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ (1859–1952). ಯಾವ ವಿಚಾರವೇ ಆಗಲಿ, ಅದರ ಬೆಲೆ ಗೊತ್ತಾಗುವುದು ಬದುಕಿನಲ್ಲಿ ಅದು ಕೊಡುವ ಫಲದಿಂದ ಎಂಬ ಪ್ರಾಗ್ಮಾಟಿಸಂ ಪಂಥದ ಪ್ರಮುಖರು ಅವರು. 1896ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಯೋಗಶಾಲೆಯಂಥ ಶಾಲೆಯನ್ನೇ ತೆರೆದರು. ಅಲ್ಲಿ ಮಕ್ಕಳ ಕೈಗೆ ಹತ್ತಿ, ಉಣ್ಣೆ ಕೊಡಲಾಯಿತು. ಒಂದು ಗುಂಪು ಅರ್ಧ ಗಂಟೆ ಬೀಜ ಬಿಡಿಸಿದರೂ ಸಿಕ್ಕ ಹತ್ತಿ ಒಂದು ಔನ್ಸ್ ಕೂಡ ಇರಲಿಲ್ಲ. ಹಿಂದಿನವರು ಹತ್ತಿಗಿಂತ ಉಣ್ಣೆಯನ್ನೇ ಹೆಚ್ಚು ಉಟ್ಟದ್ದೇಕೆ ಎಂಬ ಇತಿಹಾಸ ಆ ಮಕ್ಕಳಿಗೆ ಬೆರಳ ತುದಿಯಲ್ಲೇ ತಿಳಿಯಿತು.

ಡ್ಯೂಯಿ ನಮಗೆ ದೂರದವರೂ ಅಲ್ಲ. 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಬಿ.ಆರ್. ಅಂಬೇಡ್ಕರ್ ಅವರಿಗೆ ಅವರು ಗುರು. ಪ್ರಜಾಪ್ರಭುತ್ವ ಎಂದರೆ ಬರೀ ಸರ್ಕಾರದ ರೀತಿಯಲ್ಲ, ಜನ ಕೂಡಿ ಬಾಳುವ ಬಗೆ ಎಂಬ ಅವರ ಮಾತು ಅಂಬೇಡ್ಕರರ ಚಿಂತನೆಯಲ್ಲಿ ಆಳವಾಗಿ ಬೇರೂರಿತು. ಗುರುವಿನ ಋಣವನ್ನು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ನೆನೆದಿದ್ದಾರೆ.

ಕೂಡಿ ಬಾಳುವ ಶಿಕ್ಷಣಕ್ಕೆ ತುಮಕೂರಿನಲ್ಲಿ ನಮ್ಮದೇ ಬೇರಿದೆ. ಸಿದ್ಧಗಂಗಾ ಮಠದಲ್ಲಿ ಜಾತಿ, ಧರ್ಮದ ಭೇದವಿಲ್ಲದೆ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಉಣ್ಣುತ್ತಾರೆ, ಓದುತ್ತಾರೆ. ಶಿವಕುಮಾರ ಸ್ವಾಮೀಜಿ ಅದನ್ನು ಬೆಳೆಸಿದ್ದು ಬಸವಣ್ಣನವರ ಕಾಯಕ, ದಾಸೋಹಗಳ ಹಾದಿಯಲ್ಲಿ, ಡ್ಯೂಯಿಯನ್ನು ಓದಿ ಅಲ್ಲ. ಆದರೂ ಎರಡು ಹಾದಿಗಳೂ ಸೇರುವುದು ಒಂದೇ ಕಡೆ: ಸಮಾನತೆಯನ್ನು ಮಗು ಬಾಳಿಯೇ ಕಲಿಯಬೇಕು.

ಸರ್ಕಾರಿ ಶಾಲೆಗಳಲ್ಲಿ ಈ ದಿಕ್ಕಿನ ದಿಟ್ಟ ಹೆಜ್ಜೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರಿಂದ ಆರಂಭವಾಗಿ ರಾಜ್ಯದ ಉದ್ದಗಲಕ್ಕೂ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಆದರೆ ಮೂರನೇ ತರಗತಿ ಮುಗಿದರೆ ಆ ಸ್ವಾತಂತ್ರ್ಯವೂ ಮುಗಿಯುತ್ತದೆ. ಅಲ್ಲಿಂದ ಮುಂದೆ ಗೈಡು, ಟ್ಯೂಷನ್ನು, ಅಂಕಗಳ ಓಟ. ಡ್ಯೂಯಿ ಇಂದು ಹೆಚ್ಚು ಬೇಕಾಗಿರುವುದು ಅಲ್ಲಿಯೇ.

ಇದಕ್ಕೆ ಹೊಸ ಕಟ್ಟಡ ಬೇಡ. ಕುಣಿಗಲ್ ದೊಡ್ಡಕೆರೆಯ ದಂಡೆಗೆ ಏಳನೇ ತರಗತಿಯನ್ನು ಕರೆದೊಯ್ದರೆ ಸಾಕು. ನೀರು ಎಲ್ಲಿಂದ ಬರುತ್ತದೆ, ಯಾರ ಗದ್ದೆಗೆ ಮೊದಲು ಹೋಗುತ್ತದೆ, ಕಸ ಯಾರದು ಎಂದು ಮಕ್ಕಳೇ ಕೇಳಲಿ, ಅಳೆಯಲಿ, ಬರೆಯಲಿ. ಕಂಡದ್ದನ್ನು ಮಕ್ಕಳ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಮಂಡಿಸಲಿ. ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಪೋಷಕರು ವಾರಕ್ಕೆ ಒಂದು ಪಾಠವನ್ನಾದರೂ ಊರಿನೊಳಗೆ ತರಲಿ. ಮಕ್ಕಳ ಪ್ರಶ್ನೆಗೆ ದೊಡ್ಡವರು ಉತ್ತರ ಕೊಡುವ ಊರಿನಲ್ಲಿ ಮಾತ್ರ ಪ್ರಜಾಪ್ರಭುತ್ವ ಉಳಿಯುತ್ತದೆ.