ಎರಡಾಗಿ ಕಾಣುವ ಉತ್ತತ್ತಿ

ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಸಿರುಗುಪ್ಪದ ಮದುವೆ, ಬಳ್ಳಾರಿಯ ನಾಟಕ. ಇಂಥ ಡಿವಿಡಿಗಳು ಮನೆಮನೆಯ ಅಲ್ಮಾರಿಯಲ್ಲಿವೆ. ಅವನ್ನು ಮೊಬೈಲಿಗೆಂದು ಎಂಪಿ4 ಮಾಡಿಸಿದರೆ ತೇರು ತಡೆತಡೆದು ಸಾಗುತ್ತದೆ, ಓಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಏಳುತ್ತದೆ, ಮಾತಿಗೂ ತುಟಿಗೂ ತಾಳೆಯಾಗುವುದಿಲ್ಲ. ಡಿಸ್ಕ್ ಹಾಳಾಗಿದೆ ಎಂದು ಎಸೆಯಬೇಡಿ. ಎಷ್ಟೋ ಸಲ ತಪ್ಪಿರುವುದು ಅದನ್ನು ಬದಲಿಸಿದ ರೀತಿಯಲ್ಲಿ.

ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್. ಅದರಲ್ಲಿ ಸೆಕೆಂಡಿಗೆ 25 ಫ್ರೇಮು, ಪ್ರತಿ ಫ್ರೇಮಿನಲ್ಲಿ 576 ಸಾಲು. ಆದರೆ ಆ ಕಾಲದ ಕ್ಯಾಮೆರಾ ಇಡೀ ಫ್ರೇಮನ್ನು ಒಮ್ಮೆಗೇ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಸಾಲು, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದ 288. ಈ ಅರೆಚಿತ್ರವೇ ಫೀಲ್ಡ್.

ತೇರಿನತ್ತ ಎಸೆದ ಉತ್ತತ್ತಿ ಸೆಕೆಂಡಿಗೆ 10 ಮೀಟರ್ ಹಾರುತ್ತಿದೆ ಎನ್ನಿ. ಎರಡು ಫೀಲ್ಡುಗಳ ನಡುವೆ ಅದು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸಿ ನೋಡಿದರೆ ಒಂದು ಉತ್ತತ್ತಿಯ ಜಾಗದಲ್ಲಿ ಎರಡು, ಎರಡೂ ಗೆರೆಗೆರೆ. ಹಳೆಯ ಡಬ್ಬಿ ಟಿವಿ ಫೀಲ್ಡುಗಳನ್ನು ಒಂದರ ಹಿಂದೊಂದು ತೋರಿಸುತ್ತಿತ್ತು, ಹಾಗಾಗಿ ಕಣ್ಣಿಗೆ ಒಂದೇ ಕಾಣುತ್ತಿತ್ತು. ಮೊಬೈಲ್ ತೋರಿಸುವುದು ಇಡೀ ಫ್ರೇಮನ್ನೇ.

ಇದಕ್ಕೆ ಮದ್ದು ಡಿಇಂಟರ್ಲೇಸ್. ಉಚಿತವಾಗಿ ಸಿಗುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಆ ಫಿಲ್ಟರಿನ 'ಬಾಬ್' ಆಯ್ದು, ಫ್ರೇಮ್ ರೇಟ್ 50, 'ಕಾನ್‌ಸ್ಟಂಟ್' ಎಂದು ಕೊಡಿ. ಪ್ರತಿ ಫೀಲ್ಡೂ ಒಂದೊಂದು ಪೂರ್ಣ ಚಿತ್ರವಾಗುತ್ತದೆ, ಚಲನೆ ನುಣುಪಾಗುತ್ತದೆ. ಹೆಚ್ಚಿನವರು 25 ಸಾಕೆನ್ನುತ್ತಾರೆ. ತೇರು, ಕುಣಿತ, ಕೋಲಾಟಕ್ಕೆ ನನ್ನ ಮತ 50ಕ್ಕೇ. ಆಮೇಲೂ ಉತ್ತತ್ತಿ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋದರೆ ಫೀಲ್ಡುಗಳ ಸರದಿ ತಿರುವುಮುರುವಾಗಿದೆ. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಕೆಳಗಿನ ಫೀಲ್ಡ್ ಮೊದಲು, ಡಿವಿಡಿಯಲ್ಲಿ ಸಾಮಾನ್ಯವಾಗಿ ಮೇಲಿನದು. ಡಿಸ್ಕ್ ಬರೆಯುವಾಗ ಇದನ್ನು ಗಮನಿಸದಿದ್ದರೆ ಎಡವಟ್ಟಾಗುತ್ತದೆ.

'30 ಇದ್ದರೆ ಇನ್ನೂ ಚೆನ್ನ' ಎಂಬುದು ಬರೀ ಭ್ರಮೆ. 25ನ್ನು 30 ಮಾಡಲು ಸೆಕೆಂಡಿಗೆ ಐದು ಫ್ರೇಮು ಎರಡೆರಡು ಸಲ ಬರಬೇಕು. ತೇರಿನ ನಿಧಾನ ಚಲನೆಯಲ್ಲಿ ಆ ಐದೂ ಮುಗ್ಗರಿಕೆ ಕಣ್ಣಿಗೆ ಕುಕ್ಕುತ್ತವೆ. ಇನ್ನು 25ರ ಚಿತ್ರಕ್ಕೆ 23.976 ಎಂದು ತಪ್ಪು ಗುರುತು ಬಿದ್ದರೆ, ಒಂದು ಗಂಟೆಯ ನಾಟಕದ ಚಿತ್ರ ಸುಮಾರು 62 ನಿಮಿಷ 34 ಸೆಕೆಂಡಿಗೆ ಎಳೆಯುತ್ತದೆ. ಧ್ವನಿ ಮಾತ್ರ 60ಕ್ಕೇ ಮುಗಿದಿರುತ್ತದೆ. ತುಟಿ ತಪ್ಪುವುದು ಆರಂಭದಿಂದಲೂ ಒಂದೇ ಅಳತೆಯಲ್ಲಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರಾಯಿತು. ಬರಬರುತ್ತಾ ಹೆಚ್ಚಾದರೆ ಮೊದಲು ಫ್ರೇಮ್ ರೇಟನ್ನು ಅನುಮಾನಿಸಿ.

ಡಿಇಂಟರ್ಲೇಸ್ ಮಾಡದೆ ಚಿತ್ರದ ಗಾತ್ರ ಬದಲಿಸಿದ ಎಂಪಿ4ರಲ್ಲಿ ಎರಡೂ ಫೀಲ್ಡಿನ ಸಾಲುಗಳು ಕಲೆತುಹೋಗಿರುತ್ತವೆ. ಅದನ್ನು ತಿದ್ದುತ್ತ ಕೂರುವುದಕ್ಕಿಂತ ಡಿಸ್ಕಿನಿಂದ ಹೊಸದಾಗಿ ತೆಗೆಯುವುದೇ ಸರಿ. ಮನೆಯಲ್ಲಿ, ಸ್ಟುಡಿಯೊದಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುತ್ತದೆ. ಬಳ್ಳಾರಿಯ ಬೇಸಿಗೆ ಎಂಥದೆಂದು ಹೇಳಬೇಕಿಲ್ಲ. ಆದ್ದರಿಂದ ಬದಲಾವಣೆಯ ಗೋಜಿಗೆ ಹೋಗುವ ಮೊದಲು ಡಿಸ್ಕಿನಲ್ಲಿರುವುದಷ್ಟನ್ನೂ ಇದ್ದಹಾಗೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಒಂದು ಪದರದ ಡಿಸ್ಕಾದರೆ ಹೆಚ್ಚೆಂದರೆ 4.7 ಜಿಬಿ.