ಮಸ್ಕಿ ಸೀಮೆಯ ಸಾರಂಗ

ಸರಕು ಹಡಗಿನ ಗೋದಾಮಿನ ಮುಚ್ಚಳ ಬಿಗಿಯಾಗಿ ಕೂತಿದೆಯೇ ಎಂದು ನೋಡಲು ಮೊದಲು ಬೇಕಾಗುವುದು ಸೀಮೆಸುಣ್ಣ. ಮುಚ್ಚಳದ ರಬ್ಬರು ಒತ್ತಿ ಕೂರುವ ಕಬ್ಬಿಣದ ಪಟ್ಟಿಗೆ ಉದ್ದಕ್ಕೂ ಸುಣ್ಣ ತಿಕ್ಕುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಂದಲೇ ಸಮುದ್ರ ಒಳಗೆ ಬರುತ್ತದೆ.

‘ಅಷ್ಟಕ್ಕ ಬಿಡಂಗಿಲ್ರಿ. ಮ್ಯಾಲಿಂದ ಪೈಪ್ ಹಿಡಿದು ಜೋರು ನೀರು ಹೊಡೀತೀವಿ. ಒಳಗ ಒಬ್ಬಾವ ಬ್ಯಾಟ್ರಿ ಹಿಡ್ಕಂಡು ನಿಂತಿರ್ತಾನ, ಒಂದು ಹನಿ ಬಿದ್ರೂ ಕೂಗಬೇಕು’ ಎಂದರು ರಜೆಯ ಮೇಲೆ ಊರಿಗೆ ಬಂದಿದ್ದ ನಾವಿಕರೊಬ್ಬರು. ಕಂಪನಿಗೆ ಸರಿ ಬರುವುದಿಲ್ಲ, ಹೆಸರು ಹಾಕಬೇಡಿ ಎಂದಿದ್ದಾರೆ. ಊರು ಮಸ್ಕಿ ತಾಲ್ಲೂಕಿನದು, 5ಎ ಕಾಲುವೆಗಾಗಿ ಹೋರಾಟ ನಡೆದ ಸೀಮೆ. ಹೊಲಕ್ಕೆ ನೀರು ಬರಲಿ ಎಂದು ಧರಣಿ ಕೂತವರ ನಡುವಿನಿಂದ ಹೋದ ಇವರು, ಹಡಗಿನೊಳಗೆ ನೀರು ಬಾರದಂತೆ ಕಾಯುತ್ತಾರೆ.

ಅವರ ಹುದ್ದೆ ಬೋಸನ್. ನಮ್ಮ ನಾವಿಕರ ಬಾಯಲ್ಲಿ ಸಾರಂಗ. ಡೆಕ್ಕಿನ ಖಲಾಸಿಗಳಿಗೆಲ್ಲ ಮೇಸ್ತ್ರಿ. ತುಕ್ಕು ಕೆರೆಸುವುದು, ಬಣ್ಣ ಹೊಡೆಸುವುದು, ದಡ ಸೇರುವಾಗ ಮೂತಿಯಲ್ಲಿ ನಿಂತು ಹಗ್ಗ ಬಿಡಿಸುವುದು, ಲಂಗರು ಇಳಿಸುವುದು ಎಲ್ಲ ಇವರ ಉಸ್ತುವಾರಿ. ಹಗಲು ಪಾಳಿ ಎಂದು ಹೆಸರು. ಬಂದರು ಬಂದರೆ ನಡುರಾತ್ರಿಯೂ ಏಳಬೇಕು. ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕೆಂಬ ಅಂತರರಾಷ್ಟ್ರೀಯ ನಿಯಮವೇನೋ ಇದೆ.

ದೊಡ್ಡ ಹಡಗಿನಲ್ಲಿಯೂ ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದು ಜನರಷ್ಟೇ. ಎಲ್ಲರ ಮೇಲೆ ಕ್ಯಾಪ್ಟನ್. ಚೀಫ್ ಆಫೀಸರ್‌ಗೆ ಸರಕು, ಸೆಕೆಂಡ್ ಆಫೀಸರ್‌ಗೆ ನಕ್ಷೆ ಮತ್ತು ದಾರಿ, ಥರ್ಡ್ ಆಫೀಸರ್‌ಗೆ ಜೀವರಕ್ಷಕ ದೋಣಿ, ಬೆಂಕಿ ಆರಿಸುವ ಸಾಮಾನು. ಈ ಮೂವರೂ ನಾಲ್ಕು ತಾಸು ಪಾಳಿ, ಎಂಟು ತಾಸು ಬಿಡುವಿನ ಲೆಕ್ಕದಲ್ಲಿ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ ನಿಲ್ಲುತ್ತಾರೆ. ಕೆಳಗೆ ಎಂಜಿನ್ ಕೋಣೆಯಲ್ಲಿ ಚೀಫ್ ಎಂಜಿನಿಯರ್, ಅವರ ಕೈಕೆಳಗಿನ ಎಂಜಿನಿಯರ್‌ಗಳು, ಫಿಟ್ಟರ್, ಆಯ್ಲರ್, ವೈಪರ್. ಆ ಲೋಕದ ಬಗ್ಗೆ ಸಾರಂಗರು ಹೆಚ್ಚು ಮಾತಾಡಲಿಲ್ಲ: ‘ಅವ್ರದು ಬ್ಯಾರೆ ಊರು.’ ಅಡುಗೆಯವನ ಬಗ್ಗೆ ಮಾತ್ರ ಒಂದು ಮಾತು, ಅವನು ಮುನಿಸಿಕೊಂಡರೆ ಹಡಗೇ ಮುನಿಸಿಕೊಳ್ಳುತ್ತದಂತೆ.

ಹಡಗಿನಲ್ಲಿ ಸಾಗಿಸುವ ಅಕ್ಕಿಯ ಮಾತು ಬಂದಾಗ ಸಾರಂಗರ ದನಿಯೇ ಬೇರೆ. ಬಿಸಿಲ ನಾಡಿನಲ್ಲಿ ತುಂಬಿಸಿಕೊಂಡ ಅಕ್ಕಿ ತಣ್ಣನೆಯ ಸಮುದ್ರಕ್ಕೆ ಹೋದರೆ ಹಡಗಿನ ಉಕ್ಕು ತಣಿಯುತ್ತದೆ, ಒಳಗಿನ ಬಿಸಿ ಗಾಳಿಯ ತೇವ ಆ ಉಕ್ಕಿನ ಮೇಲೆ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಚೀಲ ಉಕ್ಕಿಗೆ ತಾಗದಂತೆ ಬಿದಿರು, ಚಾಪೆ, ಕಾಗದ ಹಾಸುತ್ತಾರೆ. ತುಂಬಿದಾಗಿನ ಅಕ್ಕಿಯ ಉಷ್ಣಾಂಶಕ್ಕಿಂತ ಹೊರಗಿನ ಗಾಳಿ ಕನಿಷ್ಠ 3 ಡಿಗ್ರಿ ತಂಪಿದ್ದರೆ ಗಾಳಿಕಿಂಡಿ ತೆರೆ, ಇಲ್ಲವಾದರೆ ಮುಚ್ಚು ಎಂಬುದು ಚಾಲ್ತಿಯಲ್ಲಿರುವ ಒಂದು ಲೆಕ್ಕ. ತೆರೆದದ್ದು, ಮುಚ್ಚಿದ್ದು ಎರಡನ್ನೂ ಬರೆದಿಡಬೇಕು. ಮಾಲು ಕೆಟ್ಟಿತೆಂದು ತಕರಾರು ಬಂದರೆ ಆ ಪುಸ್ತಕವೇ ಸಾಕ್ಷಿ. ಸೋನಾ ಮಸೂರಿ ಜೊತೆ ಬದುಕುವ ಸಿಂಧನೂರಿನ ಮಿಲ್ಲಿನವರಿಗೆ ತೇವದ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಹತ್ತನೇ ತರಗತಿ ಮುಗಿಸಿದವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳ ಜಿಪಿ ರೇಟಿಂಗ್ (ಸಾಮಾನ್ಯ ನಾವಿಕ) ತರಬೇತಿ ಪಡೆದು ಹಡಗಿನ ಕೆಲಸಕ್ಕೆ ಸೇರಬಹುದು. ಕಣ್ಣಿಗೆ ಕೆಂಪು, ಹಸಿರು ಸ್ಪಷ್ಟವಾಗಿ ಬೇರೆ ಕಾಣಬೇಕು. ರಾತ್ರಿ ಎದುರು ಹಡಗಿನ ಎಡ, ಬಲ ತಿಳಿಯುವುದು ಆ ದೀಪಗಳಿಂದ. ನಮ್ಮ ಕಡೆಯ ಹುಡುಗರಿಗೆ ಇಷ್ಟನ್ನು ಹೇಳುವವರಿಲ್ಲ. 371ಜೆ ಮೀಸಲಾತಿ, ಪಿಡಿಒ, ಪೊಲೀಸ್ ಪರೀಕ್ಷೆಗಳ ಬಗ್ಗೆ ಚಹಾ ಅಂಗಡಿಯಲ್ಲೂ ಮಾಹಿತಿ ಸಿಗುತ್ತದೆ. ಹಡಗಿನ ವಿಷಯ ಹೇಳಲು ಮೊದಲು ಬರುವವನು ಲಕ್ಷಗಟ್ಟಲೆ ಕೇಳುವ ದಲ್ಲಾಳಿ. ಕೆಲಸ ಕೊಡಿಸಲು ನಾವಿಕನಿಂದ ಕಮಿಷನ್ ಪಡೆಯುವುದೇ ನಿಯಮಬಾಹಿರ. ಕಂಪನಿಗೆ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ) ಪರವಾನಗಿ ಇದೆಯೇ ಎಂದು ನೌಕಾ ಸಾರಿಗೆ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಜಿಲ್ಲಾ ಉದ್ಯೋಗ ಮೇಳಗಳಲ್ಲಿ ಇದಕ್ಕೊಂದು ಮೇಜು ಹಾಕಿದರೆ ಏನು ನಷ್ಟ?

ಕೆಲಸವೂ ಸುಖದ್ದಲ್ಲ. ಕರಾರು ಮುಗಿದು ಮನೆಗೆ ಬಂದರೆ ಇವರಂಥವರಿಗೆ ಸಂಬಳ ನಿಲ್ಲುತ್ತದೆ, ಮುಂದಿನ ಕರೆ ಬರುವವರೆಗೆ ಕೂಡಿಟ್ಟದ್ದರಲ್ಲೇ ಸಂಸಾರ. ಸಾರಂಗರ ಅಕ್ಕನ ಮಗ ತಾನೂ ಬರುತ್ತೇನೆಂದು ಹಟ ಹಿಡಿದಿದ್ದ. ಈಗ ಲಿಂಗಸುಗೂರಿನಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ‘ಬಾ ಅಂತ ಹ್ಯಾಂಗ ಹೇಳ್ಲಿ? ಅಪ್ಪ ಹೋದಾಗ ನಾವು ಬ್ರೆಜಿಲ್ ಬಿಟ್ಟು ನಾಕು ದಿನ ಆಗಿತ್ತು. ಮುಂದಿನ ದಂಡಿಗೆ ಇನ್ನಾ ಮೂರು ವಾರ ಇತ್ರಿ.’